ಬೊಟ್ಟಿಡದ ಮರ

ಬೆಟ್ಟದ ಮೇಲೊಂದು ಊರಿತ್ತು. ಆ ಊರಿನವರು ಕಾಡನ್ನು ಗುಡಿಸುತ್ತಿದ್ದರು.

ಅಂಗಳ ಗುಡಿಸುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಇವರು ಕಾಡು ಗುಡಿಸುತ್ತಿದ್ದರು. ಬೆಳಗಾಯಿತೆಂದರೆ ಇನ್ನೂರು ಪೊರಕೆಗಳು ಬೆಟ್ಟ ಹತ್ತುತ್ತಿದ್ದವು. ಉದುರಿದ ಎಲೆ, ಮುರಿದ ರೆಂಬೆ, ಬಿದ್ದ ಹಣ್ಣು, ಹಬ್ಬಿದ ಬಳ್ಳಿ, ಮೊಣಕಾಲೆತ್ತರಕ್ಕೆ ಬಂದ ಪೊದೆ, ಎಲ್ಲವನ್ನೂ ಬಳಿದು ಒಟ್ಟಿ ಸಂಜೆಯೊಳಗೆ ಸುಟ್ಟುಬಿಡುತ್ತಿದ್ದರು. ಮರಗಳು ಸಾಲಾಗಿ ನಿಂತಿದ್ದವು. ಒಂದೇ ಎತ್ತರ, ಒಂದೇ ದಪ್ಪ, ಒಂದೇ ವಯಸ್ಸು. ಸಾಲಿನ ಈ ತುದಿಯಲ್ಲಿ ನಿಂತರೆ ಆ ತುದಿಯಲ್ಲಿ ನಿಂತವನ ಮೂಗು ಕಾಣುತ್ತಿತ್ತು. ನೆಂಟರು ಬಂದರೆ ಊರಿನವರು ಕೈಕಾಲಿಗೆ ನೀರು ಕೊಡುವ ಮೊದಲೇ ಕಾಡು ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ನೆಂಟರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇಷ್ಟೊಂದು ಚೊಕ್ಕಟ ಅವರ ಅಡುಗೆಮನೆಯಲ್ಲೂ ಇರುತ್ತಿರಲಿಲ್ಲ.

ಇಷ್ಟೆಲ್ಲ ಮಾಡುತ್ತಿದ್ದದ್ದು ಒಂದು ಹಕ್ಕಿಗಾಗಿ.

ಆ ಊರಿನಲ್ಲಿ ಹೆಸರು ತಾನಾಗಿ ನಿಲ್ಲುತ್ತಿರಲಿಲ್ಲ. ತಾಯಿ ಮಗುವಿಗೆ ಒಂದು ಹೆಸರು ಆರಿಸಿ ಬಾಯಿ ಬಿಟ್ಟು ಕರೆದಳೋ, ಸಂಜೆಯಾಗುವುದರೊಳಗೆ ಅದು ಅವಳ ನಾಲಿಗೆಯಿಂದ ಜಾರಿಹೋಗುತ್ತಿತ್ತು, ಕೇಳಿದವರ ಕಿವಿಯಿಂದಲೂ ಜಾರಿಹೋಗುತ್ತಿತ್ತು. ಹೆಸರು ನಿಲ್ಲಬೇಕಾದರೆ ಕಾಡಿನ ಕರಿಯ ಹಕ್ಕಿ ಕೂಗಬೇಕು. ಅದು ಕೂಗುತ್ತಿರುವಾಗಲೇ ತಾಯಿ ಮೊದಲ ಸಲ ಹೆಸರು ಹೇಳಬೇಕು. ಐವರು ಹಿರೀಕರು ಪಕ್ಕದಲ್ಲಿ ನಿಂತು ಕೂಗನ್ನೂ ಹೆಸರನ್ನೂ ಒಟ್ಟಿಗೆ ಕೇಳಬೇಕು. ಆಮೇಲೆ ಮಗುವಿನ ಹಣೆಗೆ ಕುಂಕುಮದ ಬೊಟ್ಟು. ಇದೆಲ್ಲ ಮಗುವಿನ ಮೊದಲ ಹಲ್ಲು ಬೀಳುವುದರೊಳಗೆ ಆಗಬೇಕು. ಹಲ್ಲು ಬಿತ್ತೆಂದರೆ, ಆಮೇಲೆ ಹಕ್ಕಿ ದಿನವಿಡೀ ಕೂಗಿದರೂ ಹೆಸರು ಅಂಟುವುದಿಲ್ಲ. ಹಾಗಾಗಿ ತಾಯಂದಿರು ಆರಿಸಿದ ಹೆಸರನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡು, ಹಕ್ಕಿಯ ದಾರಿ ಕಾಯುತ್ತಿದ್ದರು.

ಹೆಸರಿಲ್ಲದವರ ಪಾಡು ಹೇಳತೀರದು. ಅವರನ್ನು ಪಂಕ್ತಿಗೆ ಕರೆಯಲಾಗದು, ಮದುವೆಗೆ ಕೇಳಲಾಗದು, ಸತ್ತರೆ ಹೆಸರು ಹಿಡಿದು ಅಳಲಾಗದು. ಅವರ ಕೈಗೆ ಪೊರಕೆ ಕೊಡುತ್ತಿದ್ದರು. ಹಕ್ಕಿ ಅಂದರೆ ಅತಿಥಿ, ಅತಿಥಿ ಬರುವ ಜಾಗ ಚೊಕ್ಕಟವಾಗಿರಬೇಕು, ಹೆಸರಿಲ್ಲದವರು ಗುಡಿಸಿಯಾದರೂ ಪುಣ್ಯ ಕಟ್ಟಿಕೊಳ್ಳಲಿ ಎಂದು ಹಿರೀಕರ ಕರುಣೆ. ಅವರ ಅಜ್ಜಂದಿರ ಕಾಲದಲ್ಲಿ ಹತ್ತಿಪ್ಪತ್ತು ಪೊರಕೆಗಳಿದ್ದವು. ಹಕ್ಕಿ ಕಮ್ಮಿಯಾಯಿತು, ಪೊರಕೆ ಹೆಚ್ಚಿದವು. ಪೊರಕೆ ಹೆಚ್ಚಿದವು, ಹಕ್ಕಿ ಇನ್ನೂ ಕಮ್ಮಿಯಾಯಿತು. ನಾವಿನ್ನೂ ಸರಿಯಾಗಿ ಗುಡಿಸುತ್ತಿಲ್ಲ ಎಂದು ಊರಿನವರು ಹಣೆ ಹಣೆ ಚಚ್ಚಿಕೊಂಡರು. ನಗಬೇಡಿ. ಪ್ರೀತಿಯಿಂದ ತಪ್ಪು ಮಾಡುವವರನ್ನು ತಡೆಯುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತಿರಬೇಕು.

ಊರಿನವರ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ. ಹೆಸರು ಸಿಗದವರ ಕತೆಯಲ್ಲಿ ಹೆಸರಿದ್ದವರು ಮೆರೆಯುವುದು ಬೇಡ.

ಈ ಊರಿನಲ್ಲಿ ಬೊಟ್ಟಜ್ಜಿ ಎಂದು ಒಬ್ಬಳಿದ್ದಳು. ಅವಳ ಸೊಂಟಕ್ಕೆ ಸುಣ್ಣದ ಕುಡಿಕೆ, ಕೈಯಲ್ಲಿ ನಾರಿನ ಕುಂಚ. ಸಾಲುಗಳ ನಡುವೆ ನಡೆಯುತ್ತ ಒಣಗಿದ ಮರ, ಬಾಗಿದ ಮರ, ಪೊಟರೆಬಿದ್ದ ಮರ ಕಂಡರೆ ಅದರ ಎದೆಗೆ ಒಂದು ಬಿಳಿ ಬೊಟ್ಟಿಡುವುದು ಅವಳ ಕೆಲಸ. ಬೊಟ್ಟು ಬಿದ್ದ ಮರವನ್ನು ಮೂರು ದಿನದೊಳಗೆ ಕೊಡಲಿಯವರು ಬಂದು ಉರುಳಿಸುತ್ತಿದ್ದರು. ಅವಳ ಅವ್ವನೂ ಇದೇ ಕೆಲಸ ಮಾಡಿದ್ದಳು. ಮನುಷ್ಯರ ಹಣೆಯ ಬೊಟ್ಟು ಬದುಕಿಗೆ, ಮರದೆದೆಯ ಬೊಟ್ಟು ಸಾವಿಗೆ. ಬೊಟ್ಟಜ್ಜಿ ಸಾವಿರಾರು ಮರಗಳಿಗೆ ಬೊಟ್ಟಿಟ್ಟಿದ್ದಳು, ಒಂದರ ಮುಂದೆಯೂ ಕುಂಚ ತಡೆದಿರಲಿಲ್ಲ.

ಒಂದು ಮರದ ಮುಂದೆ ಮಾತ್ರ ತಡೆಯಿತು.

ಕೊನೆಯ ಸಾಲು ಮುಗಿದ ಮೇಲೆ, ಬಂಡೆಯ ಬೆನ್ನಿಗೆ ಒಂದು ಕೊರಕಲು. ಅಲ್ಲಿ ಒಂದು ಮರ ಸತ್ತು ನಿಂತಿತ್ತು. ತಲೆ ಮುರಿದಿತ್ತು, ಸಿಪ್ಪೆ ಸುಲಿದಿತ್ತು, ನಡುವಿನಲ್ಲಿ ಮೊರದಗಲ ಪೊಟರೆ. ಬುಡದಲ್ಲಿ ಒಂದರ ಮೇಲೊಂದು ಬಿದ್ದ ದಿಮ್ಮಿಗಳು ಕೊಳೆತು ಮೆತ್ತಗಾಗಿದ್ದವು, ಮುಟ್ಟಿದರೆ ಹುಳ ಉದುರುತ್ತಿದ್ದವು. ತಲೆ ಮುರಿದ ಮರದ ಮೇಲಿನಿಂದ ಬಿಸಿಲು ಇಳಿದು ಮುಳ್ಳುಹಣ್ಣಿನ ಗಿಡ ಎದೆಯೆತ್ತರ ಬೆಳೆದಿತ್ತು. ಒಳಗೆ ಕಾಲಿಟ್ಟರೆ ಸೀರೆಯ ಅಂಚಿಗೆಲ್ಲ ಉತ್ತರಾಣಿಯ ಮುಳ್ಳುಬೀಜ. ಥೂ, ಎಂಥ ಕೊಳಕು ಜಾಗ ಎಂದುಕೊಳ್ಳುತ್ತಲೇ ಬೊಟ್ಟಜ್ಜಿ ಕುಂಚವನ್ನು ಸುಣ್ಣದಲ್ಲಿ ಅದ್ದಿದಳು. ಮರಕ್ಕೆ ಕೈಯೂರಿದಾಗ ಮರದೊಳಗೆ ಏನೋ ಗುಬುಗುಬು ಅಂದಿತು. ಕಿವಿಯಿಟ್ಟಳು. ಮರಿಗಳು.

ಅಷ್ಟರಲ್ಲಿ ಕರಿಯ ತಾಯಿಹಕ್ಕಿ ಬಾಯಲ್ಲಿ ಹುಳ ಕಚ್ಚಿಕೊಂಡು ದಿಮ್ಮಿಯ ಮೇಲಿಳಿಯಿತು. ಬೊಟ್ಟಜ್ಜಿಯನ್ನು ಒಂದು ಸಲ ನೋಡಿತು. ಕುಂಚದಿಂದ ಸುಣ್ಣ ತೊಟ್ಟಿಕ್ಕಿ ಅವಳ ಪಾದದ ಮೇಲೆ ಬಿತ್ತು.

ಹಿಂದೊಮ್ಮೆ, ಅವಳಿನ್ನೂ ಹುಡುಗಿಯಾಗಿದ್ದಾಗ, ಇಂಥದೇ ಒಂದು ಮರ ಸಿಕ್ಕಿತ್ತು. ಅವಳೇ ಕುಣಿದಾಡುತ್ತ ಊರಿಗೆ ಓಡಿಬಂದು ಹೇಳಿದ್ದಳು. ಊರಿಗೆ ಊರೇ ಕಾಡಿಗೆ ನುಗ್ಗಿತು. ಹಕ್ಕಿಯ ಮನೆ ಹೀಗಿರುವುದೇ ಎಂದು ಎಲ್ಲರ ಕಣ್ಣಲ್ಲೂ ನೀರು. ಎಲ್ಲರಿಗೂ ಕಾಣಲೆಂದು ಪೊದೆ ಕಡಿದರು. ಕೊಳೆತ ದಿಮ್ಮಿ ಎಳೆದುಹಾಕಿ ಸುಟ್ಟರು. ನೆಲಕ್ಕೆ ಚಪ್ಪಡಿ ಹಾಸಿದರು. ಭಕ್ತರ ತಲೆಯ ಮೇಲೆ ಬೀಳಬಾರದೆಂದು ಒಣಮರವನ್ನು ಉರುಳಿಸಿ, ಅದೇ ಜಾಗದಲ್ಲಿ ನುಣ್ಣಗೆ ಕೆತ್ತಿದ ಕಲ್ಲಿನ ಕಂಬ ನೆಟ್ಟು ಅದರಲ್ಲೊಂದು ಗೂಡು ಕೊರೆದರು. ಉರುಳಿಸುವ ಮೊದಲು ಮರಕ್ಕೆ ಬೊಟ್ಟಿಡುವ ಗೌರವವನ್ನು ಅವಳಿಗೇ ಕೊಟ್ಟರು. ಹಕ್ಕಿ ಮೂರು ದಿನ ಕಂಬದ ಸುತ್ತ ಸುತ್ತಿತು, ಆಮೇಲೆ ಬರಲಿಲ್ಲ. ಕಂಬ ಈಗಲೂ ಇದೆ. ಅದನ್ನು ದಿನಾ ತೊಳೆಯುತ್ತಾರೆ.

ಬೊಟ್ಟಜ್ಜಿ ಕುಂಚ ಒರೆಸಿಕೊಂಡು ಹಿಂದಿರುಗಿದಳು. ಕೊಡಲಿಯವರು ಕೇಳಿದಾಗ, “ಅಲ್ಲೇನೈತೆ, ಬರೀ ಬಂಡೆ” ಅಂದಳು. ಗುಡಿಸುವವರಿಗೂ ಹಾಗೇ ಹೇಳಿದಳು. ಬೊಟ್ಟಜ್ಜಿಯ ಮಾತೆಂದರೆ ಕಾಡಿನಲ್ಲಿ ಎರಡಿಲ್ಲ. ಇನ್ನೂರು ಪೊರಕೆಗಳು ಬಂಡೆಯವರೆಗೆ ಬಂದು ಹಿಂದಕ್ಕೆ ತಿರುಗಿದವು. ಪೊರಕೆಯ ಸದ್ದಿರುವಷ್ಟು ಹೊತ್ತು ಹಕ್ಕಿ ಕೂಗುತ್ತಿರಲಿಲ್ಲ.

ಒಂದು ಜೋಡಿ ಉಳಿದರೆ ಮರಿಗಳಾಗುತ್ತವೆ, ಮರಿಗಳು ಹರಡುತ್ತವೆ, ಒಂದು ದಿನ ಊರಿನ ಅಂಚಿಗೇ ಬಂದು ಕೂಗುತ್ತವೆ, ಊರಿನ ಮಕ್ಕಳಿಗೆಲ್ಲ ಹೆಸರಾಗುತ್ತದೆ. ಇದು ಅವಳ ಆಸೆ. ಮರಿಗಳು ಪ್ರತಿ ವರ್ಷ ಹಾರಿದ್ದೂ ನಿಜ. ಹಾರಿ ಸಾಲುಗಳ ಮೇಲೆ ಸುತ್ತುಹಾಕಿದವು. ಒಂದು ಪೊಟರೆ ಇಲ್ಲ, ಒಂದು ಒಣಮರ ಇಲ್ಲ, ಕೆದಕಲು ಒಂದು ಕೊಳೆತ ದಿಮ್ಮಿ ಇಲ್ಲ. ಎಲ್ಲಕ್ಕೂ ಅವಳೇ ಬೊಟ್ಟಿಟ್ಟಿದ್ದಳು. ಆಮೇಲೂ ಇಡುತ್ತಿದ್ದಳು, ಒಂದು ಮರವನ್ನು ಮುಚ್ಚಿಟ್ಟವಳ ಮೇಲೆ ಯಾರಿಗೂ ಗುಮಾನಿ ಬರಬಾರದಲ್ಲ, ಮೊದಲಿಗಿಂತ ಹೆಚ್ಚೇ ಇಡುತ್ತಿದ್ದಳು. ಮರಿಗಳು ಎತ್ತ ಹೋದವೋ, ಹಿಂದಿರುಗಿ ಬಂದದ್ದಿಲ್ಲ.

ಹೀಗಿರುವಾಗ ಬೊಟ್ಟಜ್ಜಿಯ ಮಗಳಿಗೆ ಹೆಣ್ಣುಮಗು ಹುಟ್ಟಿತು.

ಮಗಳು ಮಗುವನ್ನು ಎತ್ತಿಕೊಂಡು ದಿನಾ ಬೆಳಿಗ್ಗೆ ಕಾಡಿನಂಚಿನ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದಳು. ಪಕ್ಕದಲ್ಲಿ ಐವರು ಹಿರೀಕರು ಕಂಬಳಿ ಹೊದ್ದು ಕೂರುತ್ತಿದ್ದರು. ಹಕ್ಕಿ ಕೂಗುತ್ತಿರಲಿಲ್ಲ. ಎದ್ದು ಬರುತ್ತಿದ್ದರು. ಮಗು ಅಂಬೆಗಾಲಿಟ್ಟಿತು, ನಡೆಯಿತು, ಮಾತು ಕಲಿಯಿತು. ಬೆಳಿಗ್ಗೆ ಕಲ್ಲಿನ ಮೇಲೆ ಕೂರುವುದು, ಎದ್ದು ಬರುವುದು. ಹುಡುಗಿಗೆ ಆರು ತುಂಬಿತು. ಒಂದು ದಿನ ರೊಟ್ಟಿ ಕಚ್ಚುವಾಗ ಅವಳ ಮುಂದಿನ ಹಲ್ಲು ಅಲುಗಾಡಿತು.

ಅಂದು ಮಗಳು ಬೊಟ್ಟಜ್ಜಿಯ ಸೀರೆ ಒಗೆಯಲು ಕೂತವಳು, ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು.

“ಅವ್ವ, ಇದೇನಿದು?”

“ಏನು?”

“ಉತ್ತರಾಣಿ. ನಮ್ಮ ಕಾಡಲ್ಲಿ ಇದರ ಒಂದು ಕಡ್ಡೀನೂ ಇಲ್ಲ. ನಿನಗೆಲ್ಲಿ ಅಂಟ್ತು?”

ಬೊಟ್ಟಜ್ಜಿ ಸುಣ್ಣ ಕಲಸುತ್ತಲೇ ಇದ್ದಳು. “ಎಲ್ಲೋ ಅಂಟಿರತ್ತೆ ಬಿಡು.”

“ಬಿಡಲ್ಲ. ನಿನಗೆ ಒಂದು ಕೊಳಕು ಜಾಗ ಗೊತ್ತು. ಅಲ್ಲಿಗೆ ನೀನು ಹೋಗಿಬರ್ತೀಯ. ಬಂದ ದಿನ ನಿನ್ನ ಮುಖವೇ ಬೇರೆ ಇರತ್ತೆ, ನಾನು ನೋಡಿದೀನಿ.” ಮಗಳ ದನಿ ತಗ್ಗಿತು. “ಹಕ್ಕಿ ಇದೆಯಾ ಅವ್ವ ಅಲ್ಲಿ?”

ಬೊಟ್ಟಜ್ಜಿ ಸುಳ್ಳು ಹೇಳಬೇಕೆಂದು ಬಾಯಿ ತೆರೆದಳು. ಬಾಗಿಲಲ್ಲಿ ಹುಡುಗಿ ನಿಂತು ನಾಲಿಗೆಯಿಂದ ಹಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಳು. ಸುಳ್ಳು ಬರಲಿಲ್ಲ.

“ಇದೆ,” ಅಂದಳು.

ಮಗಳು ಅಲ್ಲೇ ಕುಸಿದು ಅವ್ವನ ಎರಡೂ ಪಾದ ಹಿಡಿದುಕೊಂಡಳು. “ಆರು ವರ್ಷದಿಂದ ಒಂದು ಹೆಸರನ್ನ ಮನಸಲ್ಲಿ ಇಟ್ಕೊಂಡು ಸಾಯ್ತಿದೀನಿ ಕಣವ್ವ. ಒಂದು ಸಲ ಹೇಳೋಕೆ ಬಿಡು. ಹಿರೀಕರನ್ನ ಕರ್ಕೊಂಡು ಹೋಗೋಣ. ನಾಳೆ ಬೆಳಿಗ್ಗೆನೇ.”

ಬೊಟ್ಟಜ್ಜಿ ಏನಾದರಾಗಲಿ ಎಂದು ಎದ್ದು, ಸುಣ್ಣದ ಕೈಯನ್ನು ತೊಳೆಯದೆ, ಮೊದಲ ಹಿರೀಕನ ಮನೆಯ ಜಗುಲಿಗೆ ಹೋದಳು.

ಮೊದಲ ಹಿರೀಕ ಒಳ್ಳೆಯವನು. ಇದನ್ನು ಒತ್ತಿ ಹೇಳಬೇಕು, ಕೆಟ್ಟವನಾಗಿದ್ದರೆ ಕತೆ ಸಲೀಸಾಗುತ್ತಿತ್ತು. ಅವನ ಇಬ್ಬರು ಮೊಮ್ಮಕ್ಕಳೂ ಪೊರಕೆ ಹಿಡಿದಿದ್ದರು.

“ಅಯ್ಯ,” ಅಂದಳು ಬೊಟ್ಟಜ್ಜಿ, “ಹಕ್ಕಿ ಇರೋ ಜಾಗ ಒಂದು ಸಿಕ್ಕಿದ್ರೆ ಏನು ಮಾಡ್ತೀರಿ?”

ಹಿರೀಕ ಕೂತಲ್ಲಿಂದ ಎದ್ದೇಬಿಟ್ಟ. “ಎಲ್ಲಿ? ಹೇಳು ತಾಯಿ, ಎಲ್ಲಿ? ಇವತ್ತೇ ಇನ್ನೂರು ಪೊರಕೆ ಕಳಿಸ್ತೀನಿ.”

“ಪೊರಕೆ ಬೇಡ ಅಯ್ಯ. ಐವರು ಮಾತ್ರ ಬಂದು, ದೂರದಲ್ಲಿ ನಿಂತು ಕೇಳಿ, ಹಾಗೇ ವಾಪಸ್ ಬರೋದು. ಜಾಗ ಹೇಗಿದೆಯೋ ಹಾಗೇ ಇರ್ಲಿ.”

“ಹೇಗಿದೆ ಜಾಗ?”

“ಕೊಳಕಾಗಿದೆ.”

ಹಿರೀಕನ ಕಣ್ಣು ತುಂಬಿಬಂತು. “ನಮ್ಮೂರಿಗೆಲ್ಲ ಹೆಸರು ಕೊಟ್ಟ ತಾಯಿ ಕೊಳಕಲ್ಲಿ ಕೂತಿದಾಳೆ, ನಾವು ನೋಡಿಯೂ ಹಾಗೇ ಬಿಟ್ಟು ಬರೋದಾ? ಯಾವ ಬಾಯಲ್ಲಿ ಹೇಳ್ತೀಯಮ್ಮ ಈ ಮಾತು? ನಿನ್ನ ಹೆತ್ತವ್ವ ಮುಳ್ಳಲ್ಲಿ ಮಲಗಿದ್ರೆ ನೋಡ್ಕೊಂಡು ಬರ್ತಿದ್ಯಾ? ನಿನ್ನ ಮೊಮ್ಮಗಳಿಗೆ ಹೆಸರಾಗ್ಲಿ, ಖಂಡಿತ ಆಗ್ಲಿ. ಆದ ಮರುಗಳಿಗೆ ನಾನೇ ಮೊದಲ ಪೊರಕೆ ಹಿಡೀತೀನಿ, ಈ ವಯಸ್ಸಲ್ಲಿ.” ಅವನು ಅಳುತ್ತಿದ್ದ. “ಎಲ್ಲಿ ಹೇಳು.”

ಬೊಟ್ಟಜ್ಜಿ ಅವನಿಂದ ಕಣ್ಣು ತೆಗೆದಳು. ಜಗುಲಿಯ ಕೆಳಗೆ, ಅವನ ಎರಡನೇ ಮೊಮ್ಮಗಳು, ಬೋಳು ಹಣೆಯ ಪುಟ್ಟ ಹುಡುಗಿ, ಬಿದ್ದ ಒಂದೇ ಒಂದು ಎಲೆಯನ್ನು ಗುಡಿಸಿ ಎತ್ತುತ್ತಿದ್ದಳು. ತನ್ನ ಮೊಮ್ಮಗಳಿಗೊಂದು ಹೆಸರು, ಆಮೇಲೆ ಇನ್ಯಾರಿಗೂ ಇಲ್ಲ, ಎಂದೆಂದಿಗೂ ಇಲ್ಲ.

“ಕನಸು ಕಂಡಿದ್ದೆ ಅಯ್ಯ,” ಅಂದಳು. “ಕನಸಲ್ಲಿ ಸಿಕ್ಕಿತ್ತು.”

ಮನೆಗೆ ಬಂದಾಗ ಮಗಳು ಹುಡುಗಿಗೆ ತಲೆ ಬಾಚಿ, ಹೊಸ ಲಂಗ ತೊಡಿಸಿ ಕೂರಿಸಿದ್ದಳು. ಬೊಟ್ಟಜ್ಜಿ ಅವರನ್ನು ದಾಟಿ ಹೋಗಿ ಮತ್ತೆ ಸುಣ್ಣ ಕಲಸಲು ಕೂತಳು.

ಆಮೇಲಿನ ಒಂಬತ್ತು ದಿನ ಹುಡುಗಿಗೆ ಗಂಜಿ ಬಿಟ್ಟು ಬೇರೇನೂ ಕೊಡಲಿಲ್ಲ. ಹಲ್ಲಿಗೆ ಏನೂ ತಾಗದಂತೆ ಕಾದರು. ಮಗಳು ದಿನಾ ಅವ್ವನ ಮುಖ ನೋಡುತ್ತಿದ್ದಳು. ಬೊಟ್ಟಜ್ಜಿ ದಿನಾ ನೆಲ ನೋಡುತ್ತಿದ್ದಳು. ಹತ್ತನೆಯ ದಿನ ಹುಡುಗಿ ಸೀನಿದಳು, ಹಲ್ಲು ಅವಳ ಅಂಗೈಯಲ್ಲಿ ಬಿತ್ತು. ಅವಳು ನಗುತ್ತ ಅದನ್ನು ಅವ್ವನಿಗೆ ತೋರಿಸಿದಳು.

ಮಗಳು ಬೀದಿಗೆ ಹೋಗಿ ನಿಂತು ಆ ಹೆಸರನ್ನು ಕೂಗಿದಳು. ಮೂರು ಸಲ, ಗಂಟಲು ಹರಿಯುವಂತೆ. ಊರೆಲ್ಲ ಕೇಳಿತು. ಎಷ್ಟು ಚೆಂದದ ಹೆಸರು ಎಂದು ಬೊಟ್ಟಜ್ಜಿಗೆ ಅನ್ನಿಸಿತು. ಸಂಜೆಗೆ ಚೆಂದವಾಗಿತ್ತು ಎನ್ನುವುದಷ್ಟೇ ಉಳಿದಿತ್ತು. ಮಗಳು ಜಗುಲಿಯ ಕಂಬಕ್ಕೊರಗಿ, ಏನೋ ನೆನಪಿಸಿಕೊಳ್ಳುವವಳ ಹಾಗೆ ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಅಂದಿನಿಂದ ಅವಳು ಅವ್ವನ ಜೊತೆ ಮಾತು ಬಿಟ್ಟಳು.

ಮಾರನೆಯ ದಿನ ಹಿರೀಕರು ಬಂದು ಹುಡುಗಿಯ ಕೈಗೆ ಪೊರಕೆ ಕೊಟ್ಟರು. ಅವಳ ಎತ್ತರಕ್ಕೆ ಸರಿಯಾಗಿ ಕಟ್ಟಿಸಿದ ಪುಟ್ಟ ಪೊರಕೆ. ಹುಡುಗಿಗೆ ಅದು ಬಹಳ ಇಷ್ಟವಾಯಿತು.

ವರ್ಷಗಳು ಹೋದವು. ಹುಡುಗಿಯ ಪೊರಕೆ ಐದು ಸಲ ಉದ್ದವಾಯಿತು. ಅವಳಷ್ಟು ಚೆನ್ನಾಗಿ ಗುಡಿಸುವವರು ಇನ್ನೊಬ್ಬರಿರಲಿಲ್ಲ. ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಎಲೆಯನ್ನೂ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದಳು. ಬೊಟ್ಟಜ್ಜಿಗೆ ಮಂಡಿ ಹೋಯಿತು, ಬೆಟ್ಟ ಹತ್ತಲಾಗದೆ ಒಲೆಯ ಮುಂದೆ ಕೂತಳು. ಕುಡಿಕೆಯ ಸುಣ್ಣ ಒಣಗಿತು. ಇಡೀ ಕಾಡಿನಲ್ಲಿ ಬೊಟ್ಟಿಡಬೇಕಾದ ಮರ ಒಂದೂ ಉಳಿದಿರಲಿಲ್ಲವಾದ್ದರಿಂದ ಆ ಕೆಲಸಕ್ಕೆ ಬೇರೆಯವರನ್ನು ನೇಮಿಸಲಿಲ್ಲ.

ಮೊಮ್ಮಗಳಿಗೆ ಹೇಳಬೇಕೆಂದು ಬೊಟ್ಟಜ್ಜಿ ದಿನಾ ಅಂದುಕೊಳ್ಳುತ್ತಿದ್ದಳು. ಬಂಡೆಯ ಬೆನ್ನಿಗೊಂದು ಮರವಿದೆ ಮಗಾ, ಅದನ್ನು ಮುಟ್ಟಬೇಡ, ಯಾರೂ ಮುಟ್ಟದ ಹಾಗೆ ಇನ್ನು ನೀನು ಕಾಯಬೇಕು. ಇಷ್ಟೇ ಮಾತು. ಆದರೆ ಮರದ ವಿಷಯ ಹೇಳಿದರೆ, ಅದು ಯಾವಾಗಿನಿಂದ ಇತ್ತು ಎಂದೂ ಹೇಳಬೇಕು. ಯಾವಾಗಿನಿಂದ ಇತ್ತು ಎಂದು ಹೇಳಿದರೆ, ನಿನ್ನ ಹಲ್ಲು ಬೀಳುವಾಗಲೂ ಇತ್ತು ಎಂದು ಹೇಳಬೇಕು. ಬೋಳು ಹಣೆಯ ಆ ಹುಡುಗಿ ಸಂಜೆ ಬಂದು ಪಕ್ಕದಲ್ಲಿ ಕೂತು, “ಅಜ್ಜಿ, ಕಾಲು ಒತ್ತಲಾ?” ಎಂದು ಕೇಳುತ್ತಿದ್ದಳು. ಬೊಟ್ಟಜ್ಜಿ ಕಾಲು ಚಾಚುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ಊರಿಗಾಗಿ ಮೊಮ್ಮಗಳ ಹೆಸರನ್ನು ಕೊಟ್ಟವಳಿಗೆ, ಮೊಮ್ಮಗಳ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

ಒಂದು ಸಂಜೆ ಹುಡುಗಿ ಬಾಗಿಲಿಗೆ ಬಂದಳು. ಬೆನ್ನ ಮೇಲೆ ದೊಡ್ಡ ಕಟ್ಟಿಗೆಯ ಹೊರೆ. ಮುಖದ ತುಂಬ ಬೆವರು, ನಗು. ಬೊಟ್ಟಜ್ಜಿಯ ಕಣ್ಣು ಮೊದಲು ಹೋದದ್ದು ಅವಳ ಲಂಗದ ಅಂಚಿಗೆ.

ಅಂಚಿನ ತುಂಬ ಉತ್ತರಾಣಿ.

“ಅಜ್ಜಿ, ಏನಾಯ್ತು ಗೊತ್ತಾ? ಮೊನ್ನೆ ಬಂಡೆ ಹಿಂದೆ ಒಂದು ಜಾಗ ಸಿಕ್ತು. ಅಬ್ಬಬ್ಬಾ, ಏನು ಗಲೀಜು! ಎಷ್ಟು ವರ್ಷದಿಂದ ಯಾರೂ ಪೊರಕೆ ಮುಟ್ಟಿಸಿಲ್ಲ. ನಾನು ಯಾರಿಗೂ ಹೇಳ್ಲಿಲ್ಲ, ದಿನಾ ಮುಳ್ಳು ಕಿತ್ತುಹಾಕಿ ಮನೆಗೆ ಬರ್ತಿದ್ದೆ, ಒಬ್ಬಳೇ ಮಾಡಿದೆ. ನಾಲ್ಕು ದಿನ ಹಿಡೀತು. ಇವತ್ತು ಮುಗೀತು ನೋಡು, ಕನ್ನಡಿ ಹಾಗಾಗಿದೆ. ಒಣಮರ ಮಾತ್ರ ಇವತ್ತು ಕೊಡಲಿಯವರು ಬಂದು ಉರುಳಿಸಿಕೊಟ್ರು. ಹಿರೀಕರು ಬಂದು ನೋಡಿ ತಲೆ ಮೇಲೆ ಕೈಯಿಟ್ರು ಅಜ್ಜಿ. ನನ್ನ ತಲೆ ಮೇಲೆ! ಈಗ ಇಡೀ ಕಾಡಲ್ಲಿ ಒಂದು ಕೊಳಕು ಮೂಲೆ ಇಲ್ಲವಂತೆ, ಇನ್ನು ಹಕ್ಕಿ ಬಂದೇ ಬರತ್ತಂತೆ.”

ಅವಳು ಹೊರೆ ಇಳಿಸಿದಳು. ಸಿಪ್ಪೆ ಸುಲಿದ, ಬೂದಿ ಬಣ್ಣದ ಕಟ್ಟಿಗೆ. ಒಂದು ತುಂಡು ನಡುವೆ ಟೊಳ್ಳಾಗಿತ್ತು. ಅದರೊಳಗೆ ಮೆತ್ತನೆಯ ಪುಕ್ಕ ಅಂಟಿಕೊಂಡಿತ್ತು.

“ಮರದೊಳಗೆ...” ಅಂದಳು ಬೊಟ್ಟಜ್ಜಿ.

“ಎರಡು ಮೊಟ್ಟೆ ಇತ್ತು. ಮರ ಬಿದ್ದಾಗ ಒಡೆದುಹೋಯ್ತು, ಪಾಪ. ಎಲ್ಲರೂ ಹೋದ ಮೇಲೆ ಒಂದು ಕಪ್ಪು ಹಕ್ಕಿ ಬಂದು ಬಂಡೆ ಮೇಲೆ ಕೂತು ನೋಡ್ತಾನೇ ಇತ್ತು. ಕೊನೆಗೆ ಒಂದೇ ಒಂದು ಸಲ ಕೂಗಿ ಹಾರಿಹೋಯ್ತು. ಎಂಥ ದನಿ ಅಂತೀಯ! ಅದು ಯಾವ ಹಕ್ಕಿ ಅಜ್ಜಿ? ನಾನು ಯಾವತ್ತೂ ಕೇಳಿಲ್ಲ ಅಂಥ ದನಿ.”

ಹೌದು, ಅವಳೆಲ್ಲಿ ಕೇಳಿರಬೇಕು. ಅವಳಷ್ಟೇ ಅಲ್ಲ, ಪೊರಕೆ ಹಿಡಿದ ಇನ್ನೂರು ಜನರಲ್ಲಿ ಒಬ್ಬರೂ ಅದನ್ನು ಕೇಳಿದವರಲ್ಲ.

ಬೊಟ್ಟಜ್ಜಿ ಮೊಮ್ಮಗಳನ್ನು ಕರೆಯಬೇಕೆಂದು ಬಾಯಿ ತೆರೆದಳು. ಹತ್ತಿರ ಕರೆದು ಎಲ್ಲವನ್ನೂ ಹೇಳಿಬಿಡಬೇಕೆಂದು ತೆರೆದಳು. ಕರೆಯಲು ಬಾಯಲ್ಲಿ ಹೆಸರೇ ಇರಲಿಲ್ಲ. ಒಳಗಿನ ಕೋಣೆಯಲ್ಲಿ ಮಗಳು ಎಲ್ಲ ಕೇಳಿಸಿಕೊಂಡು ನಿಂತಿದ್ದಳು, ಹೊರಗೆ ಬರಲಿಲ್ಲ. ಬೊಟ್ಟಜ್ಜಿ ನೆಲದ ಮೇಲೆ ತೆವಳಿಕೊಂಡು ಬಂದು ಹುಡುಗಿಯ ಲಂಗದ ಅಂಚು ಹಿಡಿದು, ಉತ್ತರಾಣಿಯನ್ನು ಒಂದೊಂದಾಗಿ ಬಿಡಿಸತೊಡಗಿದಳು. ಒಂದೂ ಕೆಳಗೆ ಬೀಳದ ಹಾಗೆ ಮುಷ್ಟಿಯಲ್ಲಿ ತುಂಬಿಕೊಂಡಳು.

“ಬಿಡು ಅಜ್ಜಿ, ನಿನಗ್ಯಾಕೆ ಅದರ ಕೆಲಸ. ಕೈಗೆ ಚುಚ್ಚತ್ತೆ.”

ಬೊಟ್ಟಜ್ಜಿ ಮುಷ್ಟಿಯನ್ನು ಎದೆಗೊತ್ತಿಕೊಂಡಳು. “ಇದನ್ನ ಅಲ್ಲೇ ಬಂಡೆ ಹಿಂದೆ ಚೆಲ್ಲಿ ಬಾ ಮಗಾ,” ಅಂದಳು. “ನಿನ್ನ ಕಾಲಿಗೆ ಬೀಳ್ತೀನಿ. ಚೆಲ್ಲಿ ಬಾ.”

ಹುಡುಗಿ ನಕ್ಕಳು. ಅಜ್ಜಿಗೆ ಅರುಳುಮರುಳು ಶುರುವಾಯಿತೆಂದು ಅವಳಿಗೆ ಕನಿಕರವೆನಿಸಿತು. ಪಕ್ಕದಲ್ಲಿ ಕೂತು, ಹಟಮಾಡುವ ಮಕ್ಕಳ ಕೈಯಿಂದ ಮಣ್ಣು ಬಿಡಿಸುವ ಹಾಗೆ, ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ, ನೋಯದಂತೆ ಬಿಡಿಸಿದಳು. ಅಂಗೈಯನ್ನು ಅಜ್ಜಿಯ ಸೆರಗಿನಿಂದಲೇ ಚೆನ್ನಾಗಿ ಒರೆಸಿದಳು. ಬಿದ್ದ ಬೀಜಗಳನ್ನೆಲ್ಲ ಗುಡಿಸಿ ಎತ್ತಿ, ಒಂದನ್ನೂ ಬಿಡದೆ ಒಲೆಗೆ ಹಾಕಿದಳು. ಮೇಲೆ ಹೊಸ ಕಟ್ಟಿಗೆಯ ಎರಡು ತುಂಡು ಇಟ್ಟು ಊದಿದಳು.

“ಬಲು ಒಳ್ಳೆ ಕಟ್ಟಿಗೆ,” ಅಂದಳು. “ಒಂಚೂರೂ ಹೊಗೆ ಇಲ್ಲ ನೋಡು.”